ಮುದ್ರಣವು ಕರೆದ ಪರಿಶೋಧನೆ

ನಮ್ಮ ಶ್ರಾದ್ಧಪ್ರಯೋಗದ ಕಿರುಪುಸ್ತಕದ ಮೊದಲ ಪುಟದ ಕೆಳಗೆ ಒಂದು ಸಾಲಿದೆ: ‘ಇದರ ಪ್ರತಿಯೊಂದು ಅಂಗವೂ ಪರಿಶೋಧಿತವಾಗಿದೆ.’ ಆ ಸಾಲು ನನ್ನದು. ಬರೆಯುವಾಗ ಅದು ನಿಜವೆಂದೇ ನಂಬಿದ್ದೆ. ನಿಜವಲ್ಲವೆಂದು ತಿಳಿದಿದ್ದವನು ಒಬ್ಬನಿದ್ದ. ಅವನು ನನ್ನ ಪಕ್ಕದಲ್ಲಿಯೇ ಕುಳಿತು, ಅಕ್ಷರ ಇನ್ನೂ ಸ್ವಲ್ಪ ದಪ್ಪವಾಗಿರಲಿ ಭಾವ ಎಂದು ಸಲಹೆ ಕೊಟ್ಟಿದ್ದ.

ಅರಸೀಕೆರೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ತಂದೆಯವರು ಈ ಸೀಮೆಯಲ್ಲಿ ಪೌರೋಹಿತ್ಯ ನಡೆಸಿದವರು. ಪ್ರಯೋಗವನ್ನೆಲ್ಲ ಬಾಯಿಪಾಠವಾಗಿಯೇ ಹೇಳಿಕೊಟ್ಟರು. ಕಲಿಯುವವನ ಹೆಗಲನ್ನು ಮುಟ್ಟಿ, ಜನಿವಾರ ಯಾವ ಕಡೆ ಇದೆಯೆಂದು ನೋಡಿಯೇ ಮುಂದಿನ ಮಂತ್ರಕ್ಕೆ ಹೋಗುತ್ತಿದ್ದರು. ದೇವಕಾರ್ಯಕ್ಕೆ ಜನಿವಾರ ಎಡ ಹೆಗಲ ಮೇಲಿರಬೇಕು, ಅದು ಸವ್ಯ. ಪಿತೃಕಾರ್ಯಕ್ಕೆ ಬಲ ಹೆಗಲ ಮೇಲಿರಬೇಕು, ಅದು ಅಪಸವ್ಯ. ಶ್ರಾದ್ಧದಲ್ಲಿ ಎರಡೂ ಬರುತ್ತವೆ. ಪಿತೃಗಳಿಗೆ ಮೊದಲು ವಿಶ್ವೇದೇವರೆಂಬ ದೇವತೆಗಳನ್ನು ಅರ್ಚಿಸುವಾಗ ಸವ್ಯ. ಅದು ಮುಗಿದು ಪಿತೃಗಳ ಕಡೆ ತಿರುಗುವಾಗ ಮತ್ತೆ ಅಪಸವ್ಯ. ಹಾಗೆ ಮರಳುವ ಕ್ಷಣವನ್ನು ತಂದೆಯವರು ಎಂದೂ ಶಿಷ್ಯನ ನೆನಪಿಗೆ ಬಿಟ್ಟವರಲ್ಲ. ಸತ್ತವರಿಗೆ ಕೊಡುವ ಪಿಂಡವನ್ನು ಅವರಿಗೆ ಸಲ್ಲುವ ರೀತಿಯಲ್ಲೇ ಕೊಡಬೇಕು, ಅವರು ಬಂದು ನಮ್ಮನ್ನು ತಿದ್ದಲಾರರು ಎನ್ನುತ್ತಿದ್ದರು.

ಈಗ ಗಂಡಸಿ, ಕಣಕಟ್ಟೆಗಳ ಕಡೆಯ ಪುರೋಹಿತರು ಬೆಳಿಗ್ಗೆ ಒಂದೂರಿನಲ್ಲಿ ನಾಮಕರಣ ಮುಗಿಸಿ, ಮಧ್ಯಾಹ್ನಕ್ಕೆ ಇನ್ನೊಂದೂರಿನ ತಿಥಿಗೆ ಸ್ಕೂಟರಿನಲ್ಲಿ ಓಡುವವರು. ಹೆಗಲು ಮುಟ್ಟಿ ಕಲಿಸುವವರು ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿಲ್ಲ. ತಂದೆಯವರ ಕ್ರಮವನ್ನು ಒಂದೊಂದು ಕರ್ಮಕ್ಕೆ ಒಂದೊಂದು ಚಿಕ್ಕ ಪುಸ್ತಕವಾಗಿ ಮಾಡಿಕೊಡಿ ಎಂದು ಅವರು ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಒಪ್ಪಿಕೊಂಡೆ.

ನನಗೆ ಜೊತೆಯಾದವನು ನನ್ನ ಹೆಂಡತಿಯ ತಮ್ಮ. ಅವರದು ಬೇಲೂರಿನಲ್ಲಿ ದೇವಾಲಯದ ಸೇವೆಯಲ್ಲಿದ್ದ ಮನೆತನ. ಅವನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ನಿವೃತ್ತನಾದ ಮೇಲೆ ಹಳೇಬೀಡಿನಲ್ಲಿ ಮನೆ ಮಾಡಿಕೊಂಡು ನೆಲೆಸಿದ್ದ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವನು; ಅಕ್ಕನ ಕೈಯಡುಗೆ ಉಂಡು, ನನ್ನ ಮೇಜಿನ ಮುಂದೆ ಕೂರುವನು. ಅವನ ತಮಾಷೆಯ ಮಾತು ನನ್ನ ಗಂಭೀರ ಮನೆಗೆ ಬೇಕಾಗಿದ್ದ ಗಾಳಿಯಂತಿತ್ತು. ನನಗೆ ಒಡಹುಟ್ಟಿದವರಿಲ್ಲ, ಆ ಜಾಗದಲ್ಲಿ ನಾನು ಅವನನ್ನು ಇಟ್ಟಿದ್ದೆ.

ಮೊದಲ ದಿನವೇ ಅವನು ಹೇಳಿದ: “ಭಾವ, ಎಲ್ಲಾನೂ ಉದ್ದಕ್ಕೆ ಟೈಪ್ ಮಾಡ್ತಾ ಕೂತ್ರೆ ನಾವಿಬ್ರೂ ಅಲ್ಲೇ ಕಳೆದುಹೋಗ್ತೀವಿ. ಸಂಕಲ್ಪ ಎಲ್ಲಾ ಕರ್ಮಕ್ಕೂ ಬರುತ್ತೆ ತಾನೆ? ಪುಣ್ಯಾಹ ಎಷ್ಟೋ ಕರ್ಮಕ್ಕೆ ಬರುತ್ತೆ. ಒಂದೊಂದು ಅಂಗಾನೂ ಒಂದೊಂದು ಕಡತ ಮಾಡಿ ಇಟ್ಬಿಡೋಣ. ಅವನ್ನೆಲ್ಲ ಜೋಡಿಸಿ ಪುಸ್ತಕ ಮಾಡೋ ಕೆಲಸ ಬಿಲ್ಡ್ ಟೂಲ್ ಮಾಡುತ್ತೆ.”

“ಅದಕ್ಕೆ ಕ್ರಮ ಗೊತ್ತೇನಪ್ಪ?”

“ನಾವು ಹೇಳಿಕೊಟ್ಟಷ್ಟು ಗೊತ್ತು. ನಿಮ್ಮ ಹಾಗೆ ಎದುರು ಪ್ರಶ್ನೆ ಕೇಳಲ್ಲ, ಅದೊಂದು ಪುಣ್ಯ.”

ಆ ಉಪಕರಣದಲ್ಲಿ ಮಾಡಬೇಕಾದ ಒಂದೊಂದು ಕೆಲಸಕ್ಕೂ ಒಂದು ಹೆಸರಿಡುತ್ತಾರೆ. ಅವರು ಅದನ್ನು ಟಾರ್ಗೆಟ್ ಎನ್ನುತ್ತಾರೆ. ನಾನು ಗುರಿ ಎಂದೇ ಬರೆಯುತ್ತೇನೆ. ಅಂಗಗಳನ್ನು ಜೋಡಿಸುವುದು ಒಂದು ಗುರಿ, ಅಚ್ಚಿಗೆ ಪುಟ ಸಿದ್ಧಮಾಡುವ ‘ಮುದ್ರಣ’ ಮತ್ತೊಂದು ಗುರಿ. ಒಂದು ಗುರಿಯು ಇನ್ನೊಂದರ ಕೆಲಸವನ್ನು ಪಡೆಯಲು ಎರಡು ದಾರಿಗಳಿವೆ ಎಂದು ಅವನು ವಿವರಿಸಿದ. ಇಂಥದ್ದು ಮುಗಿದ ಮೇಲೆಯೇ ನನ್ನ ಕೆಲಸ ಎಂದು ಮೊದಲೇ ಹೇಳಿಡುವುದು ಒಂದು ದಾರಿ. ಆಗ ಅದು ಒಮ್ಮೆ ಮಾತ್ರ ನಡೆಯುತ್ತದೆ, ಎಷ್ಟು ಮಂದಿ ಅದನ್ನು ನೆಚ್ಚಿದ್ದರೂ ಆ ಒಂದರಿಂದಲೇ ಎಲ್ಲರಿಗೂ ಉಪಕಾರವಾಗುತ್ತದೆ. ನಡುವಿನಲ್ಲಿ ಬೇಕಾದಾಗ ಕರೆಯುವುದು ಎರಡನೆಯ ದಾರಿ. ಕರೆದಷ್ಟು ಸಲವೂ ಅದು ಮೊದಲಿನಿಂದ ಮತ್ತೆ ನಡೆಯುತ್ತದೆ.

ನನಗೆ ಮೈ ಪುಳಕಗೊಂಡಿತು. ಹಲವು ಪ್ರಧಾನಕರ್ಮಗಳು ಒಟ್ಟಿಗೆ ಬಂದಾಗ, ಅವುಗಳ ಸಮಾನವಾದ ಅಂಗವನ್ನು ಒಮ್ಮೆ ಮಾಡಿದರೆ ಸಾಕೋ, ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಮಾಡಬೇಕೋ ಎಂಬುದನ್ನು ನಮ್ಮ ಮೀಮಾಂಸಕರು ಬಹಳ ಕಾಲ ಚರ್ಚಿಸಿದ್ದಾರೆ. ಒಮ್ಮೆ ಮಾಡಿ ಎಲ್ಲಕ್ಕೂ ಸಲ್ಲುವುದು ತಂತ್ರ. ಮತ್ತೆ ಮತ್ತೆ ಮಾಡುವುದು ಆವೃತ್ತಿ. ಇದನ್ನು ನಾನು ಅವನಿಗೆ ಹೇಳಿದೆ.

“ಅಯ್ಯೋ ಭಾವ, ನಿಮ್ಮ ಮೀಮಾಂಸಕರನ್ನ ನಮ್ಮ ಕಾಲೇಜಿಗೆ ಕರೆಸಿದ್ರೆ ನಾನು ಇಷ್ಟು ವರ್ಷ ಗಂಟಲು ಹರ್ಕೊಳ್ಳೋದು ತಪ್ಪುತ್ತಿತ್ತು!” ಎಂದು ಅವನು ನಕ್ಕ. ಒಳಗಿನಿಂದ ನನ್ನ ಹೆಂಡತಿ, “ಏನು ಕಣೋ ಅಷ್ಟೊಂದು ನಗು, ನಿಮ್ಮ ಭಾವನೂ ನಗ್ತಿದಾರಾ?” ಎಂದು ಕೇಳಿದಳು. ನಾನೂ ನಗುತ್ತಿದ್ದೆ.

ಕೆಲಸಕ್ಕೆ ಮೊದಲು ನಾನು ಹಾಕಿದ ನಿಬಂಧನೆ ಒಂದೇ. ಪರಿಶೋಧನೆಯಾಗದೆ ಯಾವ ಪುಸ್ತಕವೂ ಅಚ್ಚಿಗೆ ಹೋಗಬಾರದು. ಬರೆದ ಕೈ ತಪ್ಪೀತು, ಓದಿದ ಕಣ್ಣು ದಣಿದೀತು. ಆದ್ದರಿಂದ ದಣಿಯದ ಒಬ್ಬ ಪರೀಕ್ಷಕ ಬೇಕು. ಅವನು ‘ಪರಿಶೋಧನೆ’ ಎಂಬ ಗುರಿಯನ್ನು ರಚಿಸಿದ. ನಾನು ನಿಯಮಗಳನ್ನು ಹೇಳಿದೆ. ಪಿತೃಕಾರ್ಯದ ನಡುವೆ ಎಲ್ಲಿ ಸವ್ಯಕ್ಕೆ ತಿರುಗುವ ಸೂಚನೆಯಿದೆಯೋ ಅಲ್ಲಿ ಮರಳಿ ಅಪಸವ್ಯಕ್ಕೆ ಬರುವ ಸೂಚನೆಯೂ ಇರಬೇಕು, ಇಲ್ಲದಿದ್ದರೆ ದೋಷ. ದೇವರಿಗೆ ಅಕ್ಷತೆ ಹೇಳಿದ ಜಾಗದಲ್ಲಿ ಎಳ್ಳು ಬಂದರೆ ದೋಷ. ಹೀಗೆ ಇನ್ನೂ ಹಲವು.

ಆರಂಭದಲ್ಲಿ ಪರಿಶೋಧನೆಯನ್ನು ನಾನೇ ಬೇರೆಯಾಗಿ ನಡೆಸುತ್ತಿದ್ದೆ. ಪ್ರತಿ ಸಲವೂ ಅದು ಏನಾದರೊಂದು ದೋಷ ತೋರಿಸುವುದು. ನಾನು ಹಳೆಯ ಪ್ರಯೋಗಗ್ರಂಥಗಳನ್ನು ತೆಗೆದು, ತಂದೆಯವರ ಮಾತು ನೆನೆದು, ಒಂದು ಸೂಚನೆಗಾಗಿ ವಾರಗಟ್ಟಲೆ ಕೂರುವೆನು. ಅವನು ತಾಳ್ಮೆಯಿಂದಿದ್ದ, ಇದ್ದಂತೆ ಕಂಡ.

“ಭಾವ, ಹೀಗೆ ಹೋದ್ರೆ ಶ್ರಾದ್ಧದ ಪುಸ್ತಕ ಬರೋ ಹೊತ್ತಿಗೆ ಅದನ್ನ ನಮ್ಮಿಬ್ಬರಿಗೇ ಉಪಯೋಗಿಸಬೇಕಾಗುತ್ತೆ,” ಎಂದ ಒಂದು ದಿನ.

“ಆಗಲಿ. ಆಗಲೂ ಅದು ಶುದ್ಧವಾಗಿರಬೇಕು.”

ಅವನು ನಗಲಿಲ್ಲ. ಅದಾದ ಮೇಲೆ ಅವನು ಮಾಡಿದ ಬದಲಾವಣೆ ನನಗೆ ಹಿತವೆನಿಸಿತು. ಪರಿಶೋಧನೆಯನ್ನು ನೀವು ಬೇರೆಯಾಗಿ ನಡೆಸುವ ಶ್ರಮ ಬೇಡ ಎಂದ. ಮುದ್ರಣವೆಂಬ ಗುರಿಯೇ ನಡುವಿನಲ್ಲಿ ಅದನ್ನು ಕರೆಯುತ್ತದೆ. ಪರಿಶೋಧನೆಯು ದೋಷ ಕಂಡರೆ ‘ದೋಷವಿದೆ’ ಎಂದು ಗುರುತು ಹಾಕುತ್ತದೆ, ಮುದ್ರಣವು ಆ ಗುರುತನ್ನು ನೋಡಿ ನಿಂತುಬಿಡುತ್ತದೆ. ದೋಷವಿಲ್ಲದಿದ್ದರೆ ಮಾತ್ರ ಪುಸ್ತಕ ಹೊರಬರುತ್ತದೆ. ನಮ್ಮ ಕರ್ಮಗಳಲ್ಲಿಯೂ ಹಾಗೆಯೇ ಅಲ್ಲವೆ, ಅಂಗವು ಗಳಿಸಿದ್ದೆಲ್ಲವೂ ಪ್ರಧಾನಕ್ಕೆ ಬಂದು ಸೇರುತ್ತದೆ ಎಂದು ನನಗೆ ಅನಿಸಿತು. ಅದರಲ್ಲಿ ಸಂಶಯಪಡುವ ಕಾರಣವೇ ಕಾಣಲಿಲ್ಲ.

ಮೊದಲ ಸಲ ಹಾಗೆ ನಡೆಸಿದಾಗ ನಡುವಿನ ಸಾಲುಗಳು ಓದಲಾಗದಷ್ಟು ಸರಸರನೆ ಓಡಿಹೋಗಿ, ಪರದೆಯ ಕೊನೆಯ ಸಾಲಿನಲ್ಲಿ ‘ಯಶಸ್ವಿ’ ಎಂದು ಬಂತು. ನಂಬಲಾರದೆ ಇನ್ನೊಮ್ಮೆ ನಡೆಸಿದೆ. ಯಶಸ್ವಿ. ಇಷ್ಟು ಕಾಲ ಅಡಿಗಡಿಗೆ ತಡೆದ ಪರೀಕ್ಷಕ ಒಂದೂ ದೋಷ ಹೇಳಲಿಲ್ಲ! ತಂದೆಯವರ ಅನುಗ್ರಹವೆಂದು ತಿಳಿದೆ. ಮರುದಿನ ಊರಿನ ಈಶ್ವರನಿಗೆ ಕಾಯಿ ಒಡೆಸಿ, ಒಂದು ಹೋಳು ಪ್ರಸಾದವನ್ನು ಹಳೇಬೀಡಿಗೂ ಕಳುಹಿಸಿದೆ.

ಮುಂದಿನ ಭೇಟಿಯಲ್ಲಿ ಅವನು ಪರದೆಯ ಮೇಲೆ ಒಂದು ಚಿತ್ರವನ್ನು ಇಟ್ಟುಕೊಟ್ಟ. ಅದನ್ನು ಒತ್ತಿದರೆ ಸಾಕು, ಎಲ್ಲವೂ ತಾನಾಗಿ ನಡೆದು ಕೊನೆಯ ಸಾಲು ಒಂದೇ ಕಾಣುತ್ತದೆ. “ಕಣ್ಣಿನ ಆಪರೇಷನ್ ಆಗಿದೆ ನಿಮಗೆ. ಅಷ್ಟುದ್ದ ಸಾಲು ಓದ್ತಾ ಯಾಕೆ ಆಯಾಸ ಮಾಡ್ಕೋತೀರಿ? ಕೊನೇದು ನೋಡಿ, ಸಾಕು,” ಎಂದ. ನನ್ನ ಕಣ್ಣಿನ ಬಗ್ಗೆ ಇವನಿಗೆಷ್ಟು ಕಾಳಜಿ ಎಂದು ನಾನು ಅಂದು ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದೆ. ಅವಳ ಮುಖ ಅರಳಿತು.

ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. ಬೇಲೂರಿನಲ್ಲಿ ಬಿಡುಗಡೆಯ ಒಂದು ಸಣ್ಣ ಸಭೆಯೂ ನಡೆಯಿತು. ನನ್ನ ತಂದೆಯವರನ್ನು ಕಂಡಿದ್ದ ಹಿರಿಯರು ಎದ್ದು ನಿಂತು, ಅವರ ದನಿಯೇ ಈಗ ಅಕ್ಷರವಾಯಿತು ಎಂದರು. ನನ್ನ ಭಾವಮೈದುನ ಪಕ್ಕದಲ್ಲಿ ತಲೆಬಾಗಿ ಕುಳಿತಿದ್ದ. ವಿನಯವೆಂದು ಎಣಿಸಿದೆ.

ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಗಂಡಸಿಯ ಪುರೋಹಿತರು ಮನೆಗೆ ಬಂದರು. ಅವರು ವಯಸ್ಸಿನಲ್ಲಿ ನನಗಿಂತ ಕಿರಿಯರು. ತಂದೆಯವರ ಕೊನೆಗಾಲದಲ್ಲಿ ಸ್ವಲ್ಪ ಪಾಠ ಹೇಳಿಸಿಕೊಂಡವರು. ಕಾಫಿ ಬಂದರೂ ಲೋಟ ಮುಟ್ಟದೆ ಕುಳಿತಿದ್ದರು.

“ಹೇಳಿ, ಏನು ಸಮಾಚಾರ?” ಎಂದೆ.

“ಹೇಗೆ ಹೇಳೋದು ಗೊತ್ತಾಗ್ತಿಲ್ಲ. ನಿಮ್ಮ ಪುಸ್ತಕದಲ್ಲಿ ತಪ್ಪಿದೆ ಅನ್ನೋ ಯೋಗ್ಯತೆ ನನಗಿಲ್ಲ.”

“ತಪ್ಪಿದ್ರೆ ಹೇಳೋದಕ್ಕೆ ಯೋಗ್ಯತೆ ಯಾಕ್ರೀ? ಕಣ್ಣಿದ್ರೆ ಸಾಕು.”

ಅವರು ಶ್ರಾದ್ಧದ ಪುಸ್ತಕ ತೆರೆದು ನನ್ನ ಮುಂದಿಟ್ಟರು. ವಿಶ್ವೇದೇವರ ಅರ್ಚನೆ, ಸವ್ಯ. ಅದು ಮುಗಿದೊಡನೆ ಪಿತೃಗಳ ಅರ್ಚನೆ. ನಡುವೆ ಇರಬೇಕಾದ ಒಂದು ಸಾಲು ಇಲ್ಲ. ಅಪಸವ್ಯಕ್ಕೆ ಮರಳುವ ಸೂಚನೆ ಇಲ್ಲ.

“ಮೊನ್ನೆ ತಾಯಿಯ ತಿಥಿ ಮಾಡ್ತಿದ್ದ ಯಜಮಾನರೊಬ್ರು ಪಿಂಡ ಇಡೋವಾಗ ನೋಡ್ತೀನಿ, ಜನಿವಾರ ಎಡಗಡೇನೇ ಇದೆ. ಮಂತ್ರ ನನ್ನ ಬಾಯಲ್ಲಿ, ಕಣ್ಣು ಪುಸ್ತಕದಲ್ಲಿ. ಪುಸ್ತಕ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲೇ ನಿಲ್ಲಿಸಿ ಸರಿಮಾಡಿಸ್ದೆ. ಆದ್ರೆ ಇದಕ್ಕೆ ಮುಂಚೆ ಮಾಡ್ಸಿದ ಮನೆಗಳು?” ಅವರು ಪುಸ್ತಕದ ಮೊದಲ ಪುಟ ತಿರುವಿದರು. “ನೀವು ಪರಿಶೋಧಿತ ಅಂತ ಬರೆದಿದ್ರಿ. ಅದನ್ನ ಓದಿದ ಮೇಲೆ ನಾನು ಯೋಚನೆ ಮಾಡೋದನ್ನೇ ಬಿಟ್ಟಿದ್ದೆ.”

ಆ ಮಾತು ನನ್ನೊಳಗೆ ಇಳಿದ ರೀತಿಯನ್ನು ವರ್ಣಿಸಲಾರೆ. ಅವರ ಎದುರಿಗೇ ಕಂಪ್ಯೂಟರ್ ತೆರೆದು ಆ ಚಿತ್ರವನ್ನು ಒತ್ತಿದೆ. ಕೊನೆಯ ಸಾಲು ಬಂತು: ಯಶಸ್ವಿ. ತಪ್ಪಿರುವ ಪುಟ ನನ್ನ ಎಡಗೈಯಲ್ಲಿತ್ತು.

ಅವರು ಹೋದ ಮೇಲೆ, ಹಿಂದೆ ಮಾಡುತ್ತಿದ್ದಂತೆ ಪರಿಶೋಧನೆಯೊಂದನ್ನೇ ಬೇರೆಯಾಗಿ ನಡೆಸಿದೆ. ಅದು ಕೂಡಲೇ ಹೇಳಿತು: ದೋಷವಿದೆ. ಯಾವ ಅಂಗದಲ್ಲಿ, ಯಾವ ಸಾಲಿನ ಬಳಿಕ ಎಂದೂ ಹೇಳಿತು. ಅದೊಂದೇ ಅಲ್ಲ, ಉಳಿದ ಪುಸ್ತಕಗಳ ಅಂಗಗಳಲ್ಲಿಯೂ ಅಲ್ಲಲ್ಲಿ ಬೆರಳಿಟ್ಟು ತೋರಿಸಿತು. ನೇರವಾಗಿ ಕೇಳಿದರೆ ಸತ್ಯ ನುಡಿಯುವ ಪರೀಕ್ಷಕ, ಮುದ್ರಣವು ಕರೆದಾಗ ಮಾತ್ರ ಮೂಕನಾಗುವುದೇಕೆ?

ಆ ಉಪಕರಣದ ಕೈಪಿಡಿಯನ್ನು ಹುಡುಕಿ ತೆಗೆದು, ಭಾಷ್ಯವನ್ನು ಓದುವಂತೆ ಪದಪದವಾಗಿ ಓದಿದೆ. ಉತ್ತರ ಅಲ್ಲಿಯೇ ಇತ್ತು, ಯಾರೂ ಅಡಗಿಸಿಟ್ಟಿರಲಿಲ್ಲ. ಒಂದು ಗುರಿಯು ಇನ್ನೊಂದನ್ನು ಕರೆದಾಗ, ಕರೆಯಿಸಿಕೊಂಡದ್ದು ಬೇರೊಂದು ಕೋಣೆಯಲ್ಲಿ ಕೆಲಸ ಮಾಡುತ್ತದೆ. ಕರೆದವನ ಬಳಿಯಿದ್ದ ಸಾಮಗ್ರಿಯ ಪ್ರತಿ ಅದಕ್ಕೆ ಸಿಗುತ್ತದೆ. ಆದರೆ ಅದು ಅಲ್ಲಿ ಹಾಕಿದ ಯಾವ ಗುರುತೂ ಹೊರಗೆ ಬರುವುದಿಲ್ಲ. ಕೆಲಸ ಮುಗಿದೊಡನೆ ಆ ಕೋಣೆಯೇ ಇಲ್ಲವಾಗುತ್ತದೆ. ಪರಿಶೋಧನೆಯು ಪ್ರತಿ ಸಲವೂ ದೋಷವನ್ನು ಕಂಡಿತ್ತು. ಪ್ರತಿ ಸಲವೂ ಗುರುತು ಹಾಕಿತ್ತು. ಹೊರಗೆ ಕಾದಿದ್ದ ಮುದ್ರಣಕ್ಕೆ ಅದು ಎಂದೂ ತಲುಪಲಿಲ್ಲ. ಗುರುತಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಮುದ್ರಣವು ಮುಂದುವರಿಯಿತು.

ಇದು ತಿಳಿದಾಗ ನನಗೆ ದುಃಖದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತೆಂದು ಹೇಳಬೇಕು. ಪಾಪ, ಅವನಿಗೂ ಇದು ಹೊಳೆದಿಲ್ಲ. ಇಬ್ಬರೂ ಕೂಡಿ ಬಿದ್ದಿದ್ದೇವೆ, ಕೂಡಿಯೇ ಏಳೋಣ ಎಂದುಕೊಂಡೆ. ಮರುದಿನ ಪೂಜೆ ಮುಗಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇದನ್ನು ಅವನಿಗೆ ನೋವಾಗದಂತೆ ಹೇಗೆ ಹೇಳಲಿ ಎಂಬ ಚಿಂತೆಯೇ ನನ್ನನ್ನು ಆವರಿಸಿತ್ತು. ಕಂಪ್ಯೂಟರ್ ಪಾಠ ಹೇಳಿದವನಿಗೆ ಅವನ ವಿದ್ಯೆಯಲ್ಲಿಯೇ ತಪ್ಪು ತೋರಿಸುವುದೆಂದರೆ ಅವಮಾನವಲ್ಲವೆ?

ಹಳೇಬೀಡಿನಲ್ಲಿ ಅವನು ಮನೆಯ ಮುಂದಿನ ತುಳಸಿಗೆ ನೀರು ಹಾಕುತ್ತಿದ್ದ. “ಓಹೋ, ಏನು ಭಾವ, ಫೋನ್ ಇಲ್ಲ ಏನಿಲ್ಲ! ಅಕ್ಕ ಜಗಳ ಆಡಿ ಓಡಿಸಿದ್ಲಾ?” ಎಂದು ಸ್ವಾಗತಿಸಿದ. ಮನೆಯೊಳಗೆ ನೆಂಟರಿದ್ದರು. ಮಾತನಾಡಬೇಕಪ್ಪ ಎಂದೆ. ಅವನ ಸ್ಕೂಟರಿನಲ್ಲಿ ಇಬ್ಬರೂ ಹುಲಿಕೆರೆಗೆ ಹೋದೆವು. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಮೊದಲೂ ಎಷ್ಟೋ ಸಲ ಪ್ರಯೋಗದ ವಿಚಾರ ಮಾತಾಡಿದ್ದೆವು.

ನಾನು ನಿಧಾನವಾಗಿ, ಎಲ್ಲಿಯೂ ‘ನೀನು’ ಎನ್ನದೆ ‘ನಾವು’ ಎನ್ನುತ್ತ, ನಡೆದದ್ದನ್ನು ಹೇಳಿದೆ. ಗಂಡಸಿಯವರು ಬಂದದ್ದು, ಕೈಪಿಡಿಯಲ್ಲಿ ಕಂಡದ್ದು, ಗುರುತು ಹಿಂದಿರುಗದಿದ್ದದ್ದು. ಹೇಳುತ್ತ ಹೇಳುತ್ತ ಅವನ ಮುಖ ನೋಡಿದೆ. ಅಲ್ಲಿ ಆಶ್ಚರ್ಯವಿರಲಿಲ್ಲ. ಯಾವಾಗಲೋ ಬರಬೇಕಾದದ್ದು ಬಂತು ಎಂಬ ದಣಿವು ಮಾತ್ರ ಇತ್ತು.

“ನಿನಗೆ ಗೊತ್ತಿತ್ತಾ?” ಎಂದೆ.

ಅವನು ನೀರಿನ ಕಡೆ ನೋಡಿದ. “ಗೊತ್ತಿತ್ತು ಭಾವ.”

“ಯಾವಾಗಿನಿಂದ?”

“ಹಾಗೆ ಬದಲಾಯಿಸಿ ಕೊಟ್ಟ ಮೇಲೆ, ಮನೇಲಿ ಕೂತು ನೋಡ್ದೆ. ಉತ್ತರ ವಾಪಸ್ ಬರ್ತಿಲ್ಲ ಅಂತ ಗೊತ್ತಾಯ್ತು. ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನಿಮ್ಮ ಪ್ರಸಾದ ಬಂತು. ಈಶ್ವರನಿಗೆ ಕಾಯಿ ಒಡೆಸಿದೀನಿ, ಅಪ್ಪನ ಅನುಗ್ರಹ ಅಂತ ಹೇಳಿ ಕಳಿಸಿದ್ರಿ. ಅದನ್ನ ಕೈಯಲ್ಲಿ ಹಿಡ್ಕೊಂಡು ಹೇಗೆ ಹೇಳ್ಲಿ?”

“ಪ್ರಸಾದ ಹಿಡಿದ ಕೈಯಲ್ಲಿ ಸುಳ್ಳನ್ನ ಹೇಗೆ ಹಿಡ್ಕೊಂಡೆ?”

“ನಾನು ಸುಳ್ಳು ಹೇಳ್ಲಿಲ್ಲ. ಸುಮ್ಮನಿದ್ದೆ.” ಅವನ ದನಿ ಏರಿತು. “ನೀವು ಒಂದು ಸಾಲಿಗೆ ತಿಂಗಳು ಕೂರ್ತಿದ್ರಿ. ಜನ ಕೇಳ್ತಾನೇ ಇದ್ರು, ಯಾವಾಗ ಪುಸ್ತಕ, ಯಾವಾಗ ಪುಸ್ತಕ ಅಂತ. ನಿಮಗೂ ವಯಸ್ಸಾಯ್ತು, ನನಗೂ ಆಯ್ತು. ನಾನೇ ಎಲ್ಲಾ ಪುಟಾನೂ ಕಣ್ಣಲ್ಲಿ ನೋಡ್ದೆ. ಸಣ್ಣಪುಟ್ಟದ್ದು ಏನಾದ್ರೂ ಇದ್ರೆ ಮುಂದಿನ ಮುದ್ರಣದಲ್ಲಿ ಸರಿಮಾಡೋಣ ಅಂದ್ಕೊಂಡೆ. ಪುಸ್ತಕ ಬಂತಲ್ಲ ಭಾವ! ಇಲ್ದಿದ್ರೆ ಬರ್ತಿತ್ತಾ?”

ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ.

“ಆ ಚಿತ್ರ ಇಟ್ಕೊಟ್ಟೆಯಲ್ಲ, ಕೊನೆ ಸಾಲು ಮಾತ್ರ ಕಾಣೋ ಹಾಗೆ. ಅದನ್ನ ಇಟ್ಟದ್ದು, ಉತ್ತರ ವಾಪಸ್ ಬರ್ತಿಲ್ಲ ಅಂತ ಗೊತ್ತಾಗೋಕೆ ಮುಂಚೆಯೋ, ಆಮೇಲೆಯೋ?”

ಅವನು ಎರಡು ಮೆಟ್ಟಿಲು ಕೆಳಗಿಳಿದು ನನಗೆ ಬೆನ್ನುಮಾಡಿ ನಿಂತ. ಅವನು ಉತ್ತರ ಕೊಡಬೇಕಾಗಿಯೂ ಇರಲಿಲ್ಲ. ಮೊದಲಿನ ರೀತಿಯಲ್ಲಿ ನಡುವಿನ ಸಾಲುಗಳೆಲ್ಲ ಕಾಣುತ್ತಿದ್ದರೆ, ಪರಿಶೋಧನೆಯು ಒಳಗೆ ಕೂಗಿದ್ದು ಒಂದಲ್ಲ ಒಂದು ದಿನ ನನ್ನ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ನನ್ನ ಕಣ್ಣಿನ ಆಯಾಸವನ್ನು ನೆಪಮಾಡಿ ಅವನು ಅದರ ಬಾಯಿ ಮುಚ್ಚಿದ್ದ. ಸುಮ್ಮನಿದ್ದೆ ಎಂದನಲ್ಲ, ಅದೂ ನಿಜವಾಗಿರಲಿಲ್ಲ.

“ನನ್ನ ಹೆಸರಿನ ಮೇಲೆ ಜನ ಹೆತ್ತವರಿಗೆ ಪಿಂಡ ಇಟ್ರು ಕಣಯ್ಯ,” ಎಂದೆ. ಎದ್ದು ಹೊರಟೆ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ. ಬೇಡವೆಂದೆ. ಆ ರಸ್ತೆಯಲ್ಲಿ ನಡೆದೇ ಹಳೇಬೀಡಿನ ಬಸ್ ನಿಲ್ದಾಣಕ್ಕೆ ಬಂದೆ. ಅವನು ಸ್ವಲ್ಪ ದೂರ ಸ್ಕೂಟರ್ ತಳ್ಳಿಕೊಂಡು ಹಿಂದೆ ಬಂದ, ಆಮೇಲೆ ನಿಂತ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಚಿಕ್ಕವನಾಗಿದ್ದಾಗಲೂ ಹಾಗೇನೆ,” ಎಂದಳು ಕೊನೆಗೆ. “ಅಪ್ಪ ಬೇಜಾರು ಮಾಡ್ಕೋತಾರೆ ಅಂತ ಹೇಳ್ದೇ ಇರ್ತಿದ್ದ. ಬೇಜಾರು ಆಗೋದು ಅಪ್ಪನಿಗೆ ಅಂತಿದ್ದ. ಹೆದರಿಕೆ ಇವನಿಗೆ.”

“ನೀನು ಅವನನ್ನ ಬಿಟ್ಟುಕೊಡು ಅಂತ ನಾನು ಹೇಳ್ತಿಲ್ಲ.”

“ನೀವು ಹೇಳಿದ್ರೂ ನಾನು ಬಿಡಲ್ಲ. ಅವನು ಮಾಡಿದ್ದು ಸರಿ ಅಂತ ಹೇಳು ಅಂದ್ರೆ ಅದನ್ನೂ ಹೇಳಲ್ಲ.”

ಮರುದಿನದಿಂದ ಒಬ್ಬನೇ ಕುಳಿತೆ. ಮುದ್ರಣದ ನಡುವೆ ಇದ್ದ ಆ ಕರೆಯನ್ನು ತೆಗೆದುಹಾಕಿದೆ. ಪರಿಶೋಧನೆ ಮುಗಿದ ಮೇಲೆಯೇ ನನ್ನ ಕೆಲಸ ಎಂದು ಮುದ್ರಣದ ತಲೆಯ ಮೇಲೆಯೇ ಬರೆದೆ. ದೋಷ ಕಂಡರೆ ಬರಿಯ ಗುರುತು ಹಾಕಿ ಸುಮ್ಮನಾಗದೆ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಬೇಕೆಂದು ಪರಿಶೋಧನೆಗೆ ವಿಧಿಸಿದೆ. ಮುಚ್ಚಿಟ್ಟ ಸಾಲುಗಳನ್ನೆಲ್ಲ ತೆರೆದೆ. ನನ್ನ ವಯಸ್ಸಿಗೆ ಇದು ಸುಲಭವಾಗಿರಲಿಲ್ಲ, ಆದರೆ ಶಾಸ್ತ್ರ ಓದಿದವನಿಗೆ ಅಸಾಧ್ಯವೂ ಅಲ್ಲ. ನಡೆಸಿದೊಡನೆ ‘ವಿಫಲ’ ಎಂದು ಬಂತು. ಆ ಪದವನ್ನು ನೋಡಿ ಬಹಳ ದಿನಗಳ ಮೇಲೆ ಯಾರೋ ನನ್ನೊಡನೆ ನೇರವಾಗಿ ಮಾತಾಡಿದಂತಾಯಿತು.

ಆದರೆ ಉಪಕರಣ ಸರಿಯಾದರೆ ಮನೆಮನೆಗೆ ಹೋದ ಪುಸ್ತಕ ಸರಿಯಾಗುವುದಿಲ್ಲ. ನಾನು ಪುರೋಹಿತರ ಮನೆಗಳಿಗೆ ಹೊರಟೆ. ಕಣಕಟ್ಟೆಯ ಪುರೋಹಿತರ ಮನೆಯಲ್ಲಿ ಅಂದು ರಾಗಿ ಬಿಸಿಲಿಗೆ ಹರಡಿತ್ತು. ಅವರು ಸ್ವಂತ ತೋಟ ನೋಡಿಕೊಂಡು, ಕೇಳಿದವರ ಮನೆಗೆ ಕರ್ಮ ಮಾಡಿಸಲು ಹೋಗುವವರು. ನನ್ನ ಪುಸ್ತಕವನ್ನಲ್ಲದೆ ಬೇರೊಂದನ್ನು ಕಂಡವರಲ್ಲ. ನಾನು ವಿಷಯ ಹೇಳಿದಾಗ ಅವರ ಮುಖ ಬಿಳಿಚಿತು.

“ಹಾಗಾದ್ರೆ ನಾನು ಮಾಡ್ಸಿದ್ದೆಲ್ಲ? ನಮ್ಮ ತಂದೇದೂ ಇದೇ ಪುಸ್ತಕ ಇಟ್ಕೊಂಡೇ ಮಾಡ್ದೆ ಸ್ವಾಮಿ.”

ಕರ್ಮದ ಕೊನೆಯಲ್ಲಿ ನಾವು ಭಗವಂತನ ನಾಮವನ್ನು ನೆನೆಯುವುದೇ ಅರಿಯದೆ ಆದ ಕೊರತೆಯನ್ನು ಅವನು ತುಂಬಲಿ ಎಂದು. ನೀವು ಶ್ರದ್ಧೆಯಿಂದ ಮಾಡಿದ್ದೀರಿ, ಅದು ಅವರಿಗೆ ಸಂದಿದೆ ಎಂದೆ. ಹಾಗೆಂದು ನಾನು ಮನಸಾರೆ ನಂಬಿದ್ದೇನೆ. ಅವರು ಕಣ್ಣೊರೆಸಿಕೊಂಡರು. ಆಮೇಲೆ, ಯಾವ ಕಹಿಯೂ ಇಲ್ಲದೆ ಕೇಳಿದರು: “ಇನ್ಮೇಲೆ ಪುಸ್ತಕದಲ್ಲಿ ನೀವು ಏನಾದ್ರೂ ಬರೆದ್ರೆ, ನಾನು ಇನ್ನೊಬ್ರನ್ನ ಕೇಳ್ಕೋಬೇಕಾ?”

“ಕೇಳಿಕೊಳ್ಳಿ,” ಎಂದೆ. ಹೊರಗೆ ಬಂದು ತೆಂಗಿನ ಮರದ ನೆರಳಿನಲ್ಲಿ ಬಸ್ಸಿಗೆ ಕಾಯುತ್ತ ನಿಂತೆ.

ಆ ಮಾಸದಲ್ಲಿಯೇ ನಮ್ಮ ತಂದೆಯವರ ತಿಥಿ ಬಂತು. ಮಾಡಿಸಲು ಗಂಡಸಿಯ ಪುರೋಹಿತರೇ ಬಂದರು. ವಿಶ್ವೇದೇವರೆಂದೇ ಭಾವಿಸಿ ಉಣಬಡಿಸುವ ಬ್ರಾಹ್ಮಣನ ಸ್ಥಾನದಲ್ಲಿ ವರ್ಷವರ್ಷವೂ ಕೂರುತ್ತಿದ್ದವನು ನನ್ನ ಭಾವಮೈದುನ. ಈ ಸಲ ಅವನನ್ನು ಕರೆಯುವುದೋ ಬಿಡುವುದೋ ಎಂದು ನಾನು ಹೇಳಲಿಲ್ಲ, ಹೆಂಡತಿ ಕೇಳಲಿಲ್ಲ. ಅವನು ತಾನಾಗಿಯೇ ಬಂದ. ಮಡಿಯುಟ್ಟು, ಬಾಗಿಲ ಬಳಿ ತಲೆತಗ್ಗಿಸಿ ನಿಂತ. ಅವನ ಕಾಲು ತೊಳೆದು ಒಳಗೆ ಕರೆತಂದೆ. ಆ ಸ್ಥಾನದಲ್ಲಿ ಕುಳಿತವನು ಆ ಹೊತ್ತಿಗೆ ಮನುಷ್ಯನಲ್ಲ. ನನ್ನ ಕೋಪಕ್ಕೆ ಅಲ್ಲಿ ಪ್ರವೇಶವಿಲ್ಲ.

ಊಟ ಮುಗಿದ ಮೇಲೆ, ಎಲೆಯ ಮುಂದೆ ಕೈಮುಗಿದು ನಿಂತು, ತೃಪ್ತರಾದಿರಾ ಎಂದು ಕರ್ತೃವು ಕೇಳಬೇಕು. ತೃಪ್ತರಾದೆವು ಎಂದು ಅವರು ಹೇಳಬೇಕು. ಹೇಳಿದ ಮೇಲೆಯೇ ಮುಂದಿನ ಕ್ರಮ. ಎಷ್ಟೋ ವರ್ಷಗಳಿಂದ ಕೇಳಿದ್ದೇನೆ. ಅವನ ಉತ್ತರ ಬಂದೊಡನೆ ಮುಂದೆ ಸಾಗಿದ್ದೇನೆ.

ಕೇಳಿದೆ. ತೃಪ್ತನಾದೆ ಎಂದು ಅವನು ಹೇಳಿದ.

ಕ್ರಮ ನನಗೆ ಬಾಯಿಪಾಠವಾಗಿ ತಿಳಿದಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಅವನ ಎಲೆಯಲ್ಲಿ ಅನ್ನ ಹಾಗೆಯೇ ಉಳಿದಿತ್ತು, ಕಲಸಿದ್ದ, ಉಂಡಿರಲಿಲ್ಲ. ಪುರೋಹಿತರು ನನ್ನನ್ನು ನೋಡಿದರು. ನಾನು ಅವನ ಎದುರಿಗೆ ಕುಳಿತು, ಸಾರಿನ ಪಾತ್ರೆ ತರುವಂತೆ ಹೆಂಡತಿಗೆ ಹೇಳಿದೆ.

“ನಿಜ ಹೇಳಪ್ಪ,” ಎಂದೆ. “ಅವಸರವಿಲ್ಲ. ನಾನು ಕಾಯ್ತೀನಿ.”

ಅವನು ಅಳುತ್ತ ಉಣ್ಣತೊಡಗಿದ. ಪುರೋಹಿತರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಅವನು ಮುಗಿಸಿದ ಮೇಲೆ ನಾನು ಎದ್ದು, ಇನ್ನೊಮ್ಮೆ ಕೈಮುಗಿದು, ಮೊದಲಿನಿಂದ ಕೇಳಿದೆ.